ಹಂಪಿಗೆ ಬಂದವರು ಹಡಗಲಿಗೇಕೆ ಬರುವುದಿಲ್ಲ?

ತುಂಗಭದ್ರೆ ಎಂದೊಡನೆ ಪ್ರವಾಸಿಗರ ಕಣ್ಣಿಗೆ ಕಟ್ಟುವುದು ಎರಡೇ ಚಿತ್ರ. ಒಂದು, ಹಂಪಿಯ ಬಂಡೆಗಳ ನಡುವೆ ಬಳಸಿ ಹರಿಯುವ ಹೊಳೆ. ಇನ್ನೊಂದು, ಹೊಸಪೇಟೆಯ ಅಣೆಕಟ್ಟು ಮತ್ತು ಅದರ ಬುಡದಲ್ಲಿರುವ ಉದ್ಯಾನ. ಎರಡನ್ನೂ ನೋಡಿದರೆ ಪ್ರವಾಸ ಮುಗಿದಂತೆ. ಅಣೆಕಟ್ಟೆಗೆ ನೀರು ಬರುವ ದಾರಿಯಲ್ಲಿ, ಹೊಳೆಯ ಮೇಲ್ಗಡೆ ಏನಿದೆ ಎಂದು ಕೇಳುವವರು ಬಹಳ ಕಡಿಮೆ.

ಅಲ್ಲಿರುವುದು ಹೂವಿನ ಹಡಗಲಿ. ಕೂಡ್ಲಿಗಿ, ಕೊಟ್ಟೂರುಗಳ ಕಡೆಯಿಂದ ಬರುವವರಿಗೆ ಈ ಸೀಮೆ ಅಚ್ಚರಿ ಹುಟ್ಟಿಸುತ್ತದೆ. ಕಲ್ಲುಗುಡ್ಡ, ಕುರುಚಲು ಗಿಡ, ಮಳೆಯನ್ನೇ ನಂಬಿದ ಜೋಳ, ಶೇಂಗಾದ ಹೊಲಗಳನ್ನು ದಾಟಿ ಬಂದರೆ ಕೊನೆಗೆ ಎದುರಾಗುವುದು ಅಗಲವಾದ ಹೊಳೆ. ಹೊಳೆಯಾಚೆ ಗದಗ, ಹಾವೇರಿ ಜಿಲ್ಲೆಗಳ ಊರುಗಳು. ಬಿಸಿಲಿನ ನಾಡಿನಲ್ಲಿ ಇಂಥದೊಂದು ನೀರಿನ ಅಂಚು ಇದೆ ಎಂಬುದು ನೆರೆಯ ಜಿಲ್ಲೆಗಳವರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ!

ಹೂವು ಮತ್ತು ಹಡಗು

ಹಡಗಲಿಯ ಗುರುತು ಮಲ್ಲಿಗೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳಂತೆ ಹಡಗಲಿ ಮಲ್ಲಿಗೆಗೂ ಜಿ.ಐ. ಮಾನ್ಯತೆ ದೊರೆತಿದೆ. ಬೇಸಿಗೆ ಬಂತೆಂದರೆ ತೋಟಗಳಲ್ಲಿ ನಸುಕಿನಿಂದಲೇ ಮೊಗ್ಗು ಬಿಡಿಸುವ ಕೆಲಸ. ಬಿಸಿಲೇರುವ ಮುನ್ನ ಹೂವು ಪೇಟೆ ಸೇರಬೇಕು, ತಡವಾದರೆ ಬೆಲೆ ಇಳಿಯುತ್ತದೆ.

ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹಡಗುಗಳಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಊರಿಗೆ ಈ ಹೆಸರು ಬಂತು ಎನ್ನುವುದು ಜನರ ನಂಬಿಕೆ. ಊರು ಮಾತ್ರ ವಿಜಯನಗರಕ್ಕಿಂತ ಹಳೆಯದು. ಇಲ್ಲಿನ ಕಲ್ಲೇಶ್ವರ, ಕೇಶವಸ್ವಾಮಿ ಗುಡಿಗಳು ಕಲ್ಯಾಣದ ಚಾಲುಕ್ಯರ ಕಾಲದವು. ಹೆಸರಿನ ಕಥೆ ನಿಜವೋ ಅಲ್ಲವೋ, ಹೊಳೆಯನ್ನು ದಾರಿಯಾಗಿ ಬಳಸುತ್ತಿದ್ದ ಕಾಲದ ನೆನಪೊಂದು ಅದರಲ್ಲಿ ಉಳಿದಿದೆ. ಇಂದು ಹೂವು ಹೋಗುವುದು ರಸ್ತೆಯಲ್ಲಿ.

ಅರಸನ ಜಲಸಮಾಧಿ

ಹಡಗಲಿಯಿಂದ ಹೊಳೆಯ ದಂಡೆಯನ್ನು ಅನುಸರಿಸಿ ಮೇಲಕ್ಕೆ ಹೋದರೆ ಮೈಲಾರ, ಅದರಾಚೆ ಕುರುವತ್ತಿ. ಇತಿಹಾಸ ಬಲ್ಲವರಿಗೆ ಕುರುವತ್ತಿ ಮರೆಯಲಾಗದ ಹೆಸರು. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ, ಅಂದರೆ ಆಹವಮಲ್ಲ, ಗುಣವಾಗದ ಕಾಯಿಲೆಗೆ ತುತ್ತಾಗಿ 1068ರಲ್ಲಿ ಇಲ್ಲಿನ ತುಂಗಭದ್ರೆಯಲ್ಲಿ ಇಳಿದು ಪ್ರಾಣ ಬಿಟ್ಟ. ಅವನ ಮಗ ಆರನೇ ವಿಕ್ರಮಾದಿತ್ಯನ ಚರಿತ್ರೆ ಬರೆದ ಕವಿ ಬಿಲ್ಹಣ ಈ ಪ್ರಸಂಗವನ್ನು ತನ್ನ ಸಂಸ್ಕೃತ ಕಾವ್ಯದಲ್ಲಿ ವರ್ಣಿಸಿದ್ದಾನೆ.

ಅದೇ ದಂಡೆಯ ಮೇಲೆ ಮಲ್ಲಿಕಾರ್ಜುನನ ಗುಡಿ ಇದೆ. ಇದರ ಮದನಿಕೆಯರ ಶಿಲ್ಪ ನೋಡಿದವರಿಗೆ ತಟ್ಟನೆ ಬೇಲೂರು ನೆನಪಾಗುತ್ತದೆ. ಆದರೆ ಕಾಲದ ಲೆಕ್ಕದಲ್ಲಿ ಕುರುವತ್ತಿಯೇ ಹಿರಿಯದು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಬೇಲೂರಿನ ಬೆಡಗಿಯರಿಗೆ ಇವರು ಅಕ್ಕಂದಿರು! ತಂಗಿಯರ ಮುಂದೆ ದಿನವೂ ಬಸ್ಸುಗಳ ಸಾಲು. ಅಕ್ಕಂದಿರ ಮುಂದೆ ಅಪರೂಪಕ್ಕೊಬ್ಬ ಪ್ರವಾಸಿ.

ಇವು ಹೊಸದಾಗಿ ಪತ್ತೆಯಾದ ಗುಡಿಗಳೇನಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ ಪುರಾತತ್ವ ಅಧಿಕಾರಿ ಅಲೆಕ್ಸಾಂಡರ್ ರೀ ಈ ಭಾಗದ ಗುಡಿಗಳನ್ನು ಸುತ್ತಾಡಿ, ಅಳತೆ ತೆಗೆದು, ಚಿತ್ರ ಬರೆಸಿ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವನ್ನೇ ಹೊರತಂದಿದ್ದ. ಕುರುವತ್ತಿ, ಹಡಗಲಿ, ಹಿರೇಹಡಗಲಿ, ಮಾಗಳ, ಹರಪನಹಳ್ಳಿ ಕಡೆಯ ಬಾಗಳಿ, ನೀಲಗುಂದ ಎಲ್ಲವೂ ಅದರಲ್ಲಿವೆ. ವಿದ್ವಾಂಸರಿಗೆ ಅಂದೇ ಗೊತ್ತಿದ್ದ ದಾರಿ ಸಾಮಾನ್ಯ ಪ್ರವಾಸಿಗೆ ಇನ್ನೂ ಗೊತ್ತಾಗಿಲ್ಲ ಎಂಬುದೇ ಸೋಜಿಗ.

ಒಂದು ಮಾತಿಗಾಗಿ ಲಕ್ಷ ಜನ

ಮೈಲಾರದ ಮಾತೇ ಬೇರೆ. ಭಾರತ ಹುಣ್ಣಿಮೆಯ ಜಾತ್ರೆಗೆ ಇಲ್ಲಿ ಸೇರುವವರು ಲಕ್ಷಗಟ್ಟಲೆ. ಕರಿ ಕಂಬಳಿಯ ನಿಲುವಂಗಿ ತೊಟ್ಟ ಗೊರವರ ಡಮರುಗ, ಹಾರುವ ಭಂಡಾರ, ‘ಏಳುಕೋಟಿ’ಯ ಘೋಷ. ಡೆಂಕನಮರಡಿಯಲ್ಲಿ ಗೊರವಯ್ಯ ಎರಡಾಳಿಗೂ ಮಿಕ್ಕಿದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ವಾಕ್ಯದ ಕಾರಣಿಕ ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ಅರ್ಥ ಹೇಳುವ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಇದಾದ ಮೇಲೆ ಶಿವರಾತ್ರಿಯ ಹೊತ್ತಿಗೆ ಕುರುವತ್ತಿಯ ಬಸವೇಶ್ವರನ ಜಾತ್ರೆ.

ಜಾತ್ರೆಗಳು ಮುಗಿದ ಮೇಲೆ? ಹೊಳೆಯ ದಂಡೆ ಮತ್ತೆ ಮೌನ. ಕೆಲವೇ ದಿನಗಳಲ್ಲಿ ಬಂದು ಹೋಗುವ ಲಕ್ಷ ಜನರಿಂದ ಚಹಾದಂಗಡಿಯವರಿಗೆ, ಹೂವಿನವರಿಗೆ, ಆಟೋದವರಿಗೆ ವರ್ಷದ ಹೊಟ್ಟೆಪಾಡು ನಡೆಯದು. ಅದೇ ಜನ ವರ್ಷವಿಡೀ ಹತ್ತು, ಇಪ್ಪತ್ತರಂತೆ ಬಂದರೆ ಊರಿಗೂ ಒಳಿತು, ಹೊಳೆಗೂ ಹಗುರ.

ಬ್ರಿಸ್ಬೇನ್ ಹೇಳುವ ಪಾಠ

ಹೊಳೆಯ ದಡಕ್ಕೆ ಜನರನ್ನು ಕರೆಯುವುದು ಹೇಗೆ ಎಂಬುದಕ್ಕೆ ದೂರದ ಆಸ್ಟ್ರೇಲಿಯಾದಲ್ಲೊಂದು ನಿದರ್ಶನವಿದೆ. ಬ್ರಿಸ್ಬೇನ್ ನಗರವನ್ನು ನಮ್ಮ ಕ್ರಿಕೆಟ್ ಪ್ರಿಯರು ಗಾಬಾ ಮೈದಾನದಿಂದ ಬಲ್ಲರು. 2021ರ ಜನವರಿಯಲ್ಲಿ ಭಾರತ ತಂಡ ಆಸ್ಟ್ರೇಲಿಯಾವನ್ನು ಮಣಿಸಿ ಟೆಸ್ಟ್ ಸರಣಿ ಗೆದ್ದದ್ದು ಅಲ್ಲೇ. ವರ್ಷದ ಬಹುಭಾಗ ಬೆಚ್ಚಗಿರುವ ಆ ನಗರದ ನಡುವೆ ಅದೇ ಹೆಸರಿನ ನದಿ ಹಾವಿನಂತೆ ಹೊರಳುತ್ತದೆ. 1988ರ ವಿಶ್ವ ವಸ್ತುಪ್ರದರ್ಶನ ಮುಗಿದ ಮೇಲೆ ಅದು ನಡೆದ ದಕ್ಷಿಣದ ದಂಡೆಯನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಉದ್ಯಾನ ಮಾಡಿ 1992ರಲ್ಲಿ ಜನರಿಗೆ ತೆರೆದರು. 1996ರಿಂದ ದೋಣಿಗಳೇ ಸಿಟಿ ಬಸ್ಸಿನಂತೆ ಓಡುತ್ತಿವೆ. ಕಚೇರಿಗೆ ಹೋಗುವವರೂ ಪ್ರವಾಸಿಗರೂ ಅಕ್ಕಪಕ್ಕ ಕೂತು ಹೋಗುತ್ತಾರೆ. 1927ರಿಂದ ಇರುವ ಕೋವಾಲಾ ಪ್ರಾಣಿಧಾಮಕ್ಕೂ ದೋಣಿಯಲ್ಲೇ ಹೋಗಬಹುದು.

ಆದರೆ ಅದೇ ನಗರ ನದಿಯ ಕೋಪವನ್ನೂ ಉಂಡಿದೆ. 1974, 2011, 2022ರ ನೆರೆಗಳಲ್ಲಿ ದಡದ ಬಡಾವಣೆಗಳು ಮುಳುಗಿದವು. ಮೇಲ್ಗಡೆ ಅಣೆಕಟ್ಟು ಕಟ್ಟಿಕೊಂಡ ಮೇಲೂ ನೆರೆ ತಪ್ಪಲಿಲ್ಲ. ಉದ್ಯಾನವಾದರೆ ಕೆಸರು ತೊಳೆದು ಮತ್ತೆ ತೆರೆಯಬಹುದು. ಮುಳುಗಿದ ಮನೆಯ ಕಥೆ ಹಾಗಲ್ಲ.

ಈ ಮಾತನ್ನು ತುಂಗಭದ್ರೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳು ಸುಮಾರು 90. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀರಿನ ಬಲ ಎಂಥದೆಂದು ನಾಡೇ ನೋಡಿತು. ಹಾಗಾಗಿ ಹಡಗಲಿಯ ದಂಡೆಗೆ ಬೇಕಾದದ್ದು ರೆಸಾರ್ಟುಗಳಲ್ಲ. ನೆರಳಿನ ಮರ, ಚೊಕ್ಕಟವಾದ ಮೆಟ್ಟಿಲು, ಶೌಚಾಲಯ, ಗುಡಿಯ ಕಥೆ ಹೇಳಬಲ್ಲ ಊರಿನದೇ ಹುಡುಗರು, ಜೀವರಕ್ಷಕ ಅಂಗಿಯೊಂದಿಗೆ ಹರಿಗೋಲು. ಇಷ್ಟಾದರೆ ಸಾಕು.

ಹರಿಗೋಲು ಎಂದಾಗ ಆಚೆ ದಂಡೆಯನ್ನೂ ನೆನೆಯಬೇಕು. ಹಾವೇರಿ ಜಿಲ್ಲೆಗೆ ಸೇರಿದ ಆ ದಡದಲ್ಲಿ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯಿದೆ. ದೋಣಿ ನಡೆಸುತ್ತಲೇ ವಚನ ಬರೆದ 12ನೇ ಶತಮಾನದ ಅಂಬಿಗರ ಚೌಡಯ್ಯನ ಸ್ಮಾರಕವಿದೆ. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥವೂ ಅದೇ ದಂಡೆಗೆ. ಇವೆಲ್ಲ ಹೊಳೆಗೆ ಹತ್ತಿರ, ಆದರೆ ಈಚೆಯವರು ನೋಡಬೇಕಾದರೆ ಸೇತುವೆ ಇರುವಲ್ಲಿಗೆ ಹೋಗಿ ಸುತ್ತಿ ಬರಬೇಕು. ಜಿಲ್ಲೆಯ ಗಡಿ ಹೊಳೆಯ ನಡುವೆ ಇರುವುದರಿಂದ ಒಂದೇ ನದಿಯ ಪ್ರವಾಸ ಎರಡು ತುಂಡಾಗಿದೆ. ಎರಡು ಜಿಲ್ಲೆಗಳವರು ಕೂಡಿ ಕೂತರೆ ಅಂಬಿಗನ ಊರಿಗೆ ಹರಿಗೋಲಿನಲ್ಲೇ ಹೋಗಿ ಬರುವ ದಿನ ದೂರವಿಲ್ಲ.

ಹೋಗುವುದು ಹೇಗೆ?

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮಾರ್ಗವಾಗಿ ಹಡಗಲಿಗೆ ಬರಬಹುದು. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುತ್ತದೆ. ಹಡಗಲಿಗೆ ರೈಲಿಲ್ಲ, ರಸ್ತೆಯೇ ಗತಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ತಪ್ಪದೆ ಹೋಗಿ. 98 ಹೆಕ್ಟೇರಿಗೂ ಹೆಚ್ಚು ವಿಸ್ತಾರದ ಈ ಹಳೆಯ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಸಾವಿರಾರು ಬಣ್ಣದ ಕೊಕ್ಕರೆ, ಕೆಂಬರಲುಗಳನ್ನು ಅಲ್ಲಿ ನೋಡಬಹುದು.

ಮಳೆಗಾಲ ಕಳೆದು ಬಿಸಿಲು ಬಲಿಯುವ ಮುನ್ನಿನ ತಿಂಗಳುಗಳು ಪ್ರವಾಸಕ್ಕೆ ಹಿತ. ಬೇಸಿಗೆಯಲ್ಲಿ ಹೊಳೆ ಸೊರಗಿರುತ್ತದೆ. ಆಗ ಬರುವವರಿಗೆ ಮಲ್ಲಿಗೆಯ ಸಮಾಧಾನವಿದೆ. ಮುಂಗಾರಿನಲ್ಲಿ ಹೊಳೆ ತುಂಬಿದ್ದರೆ ದಡದಿಂದಲೇ ನೋಡುವುದು ಕ್ಷೇಮ. ಕುರುವತ್ತಿ, ಮೈಲಾರಕ್ಕೆ ಒಂದು ದಿನ ಇಟ್ಟುಕೊಂಡರೆ ಬಾಗಳಿ, ನೀಲಗುಂದಕ್ಕೆ ಇನ್ನೊಂದು ದಿನ ಬೇಕು. ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಸಂಜೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹಳ್ಳಿಗಳಲ್ಲಿ ತಂಗಲು ಅನುಕೂಲ ಕಡಿಮೆ, ಪೇಟೆಗೆ ಮರಳುವುದೇ ಲೇಸು. ಬರುವಾಗ ತಂದ ಪ್ಲಾಸ್ಟಿಕ್ ಬಾಟಲಿಯನ್ನು ಹೊಳೆಗೆ ಎಸೆಯದೆ ಹೋಗುವಾಗ ಒಯ್ಯಿರಿ. ಕೆಳಗಿನ ಊರುಗಳು ಕುಡಿಯುವುದು ಇದೇ ನೀರು.