ಕಲಿಸುವವರ ಕಲಿಕೆ

ಸಂಶೋಧನಾ ಕೇಂದ್ರದಲ್ಲಿ ಕಂಡುಕೊಂಡ ಹೊಸ ಅರಿವು ತಾನಾಗಿಯೇ ರೈತನ ಹೊಲಕ್ಕೆ ನಡೆದು ಬರುವುದಿಲ್ಲ. ಅದನ್ನು ಹೊತ್ತು ತರುವವರು ಕೃಷಿ ವಿಸ್ತರಣಾ ಕಾರ್ಯಕರ್ತರು. 1952ರ ಅಕ್ಟೋಬರ್ 2ರಂದು ಭಾರತದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಈ ಹೊಣೆ ಗ್ರಾಮಸೇವಕನ ಹೆಗಲೇರಿತು. ಬೇಸಾಯದೊಡನೆ ಆರೋಗ್ಯ, ಶಿಕ್ಷಣ, ರಸ್ತೆ ಮೊದಲಾದ ಕೆಲಸಗಳೂ ಅವನವೇ ಆಗಿದ್ದವು. ಹೀಗಿರುವಾಗ ಒಂದನ್ನಾದರೂ ಆಳವಾಗಿ ಕಲಿಯಲು ಅವನಿಗೆ ಬಿಡುವೆಲ್ಲಿ? 1974ರಲ್ಲಿ ಚಂಬಲ್ ಅಚ್ಚುಕಟ್ಟು ಪ್ರದೇಶದಲ್ಲಿ 'ತರಬೇತಿ ಮತ್ತು ಭೇಟಿ' ಪದ್ಧತಿ ಪ್ರಾರಂಭವಾಯಿತು. ಕಾರ್ಯಕರ್ತರನ್ನು ಕೃಷಿಯೊಂದಕ್ಕೇ ಮೀಸಲಿರಿಸಿ, ಹದಿನೈದು ದಿನಗಳಿಗೊಮ್ಮೆ ತರಬೇತಿ ನೀಡುವುದು ಅದರ ಕ್ರಮ. ಮುಂದೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದನ್ನು ಅನುಸರಿಸಿದವು.

ತರಬೇತಿ ನೀಡುವುದೇನೋ ಸರಿ; ಆದರೆ ಯಾವುದರಲ್ಲಿ? ಕಚೇರಿಯಲ್ಲಿ ಕುಳಿತು ಪಟ್ಟಿ ಸಿದ್ಧಪಡಿಸುವುದು ಸುಲಭ. ಕಾರ್ಯಕರ್ತರಲ್ಲಿ ಇರಬೇಕಾದ ಸಾಮರ್ಥ್ಯಕ್ಕೂ ಇರುವ ಸಾಮರ್ಥ್ಯಕ್ಕೂ ನಡುವಣ ಅಂತರವೇ ತರಬೇತಿಯ ಅಗತ್ಯ; ಅದನ್ನು ಅಳೆಯದೆ ಪಟ್ಟಿ ಮಾಡುವುದು ರೋಗವನ್ನು ನೋಡದೆ ಮದ್ದು ಕೊಟ್ಟಂತೆ.

ಈ ಅಂತರವನ್ನು ಅಳೆಯಲು ಅಮೆರಿಕದ ಶಿಕ್ಷಣತಜ್ಞ ಗ್ಯಾರಿ ಬೋರಿಚ್ 1980ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಅಧ್ಯಾಪಕರಿಗಾಗಿ ರೂಪಿಸಿದ ಈ ವಿಧಾನ ಕೃಷಿ ವಿಸ್ತರಣೆಯಲ್ಲಿಯೂ ಬಳಕೆಗೆ ಬಂದಿದೆ. ಪ್ರತಿಯೊಂದು ಕೆಲಸವೂ ಎಷ್ಟು ಮುಖ್ಯ, ಅದು ತಮಗೆ ಎಷ್ಟು ಬರುತ್ತದೆ ಎಂಬುದಕ್ಕೆ ಕಾರ್ಯಕರ್ತರೇ ಅಂಕ ಕೊಡುತ್ತಾರೆ. ಬೀಜೋಪಚಾರದ ಮಹತ್ವಕ್ಕೆ ಸರಾಸರಿ 5, ಸಾಮರ್ಥ್ಯಕ್ಕೆ 4 ಅಂಕ ಬಂದಿವೆಯೆಂದು ಭಾವಿಸೋಣ. ಅಂತರ 1, ಅದನ್ನು ಮಹತ್ವದ ಅಂಕದಿಂದ ಗುಣಿಸಿದರೆ 5. ಮಣ್ಣಿನ ಮಾದರಿ ತೆಗೆಯುವುದಕ್ಕೆ 4 ಮತ್ತು 2 ಅಂಕಗಳಾದರೆ ಅಂತರ 2, ಗುಣಲಬ್ಧ 8. ಬೀಜೋಪಚಾರ ಹೆಚ್ಚು ಮುಖ್ಯವೆನಿಸಿದರೂ ಮೊದಲ ತರಬೇತಿ ಮಣ್ಣಿನ ಮಾದರಿಯದೇ ಆಗಬೇಕು.

ಆದರೆ ತನಗೆ ಏನು ತಿಳಿಯದೆಂಬುದು ಎಷ್ಟೋ ವೇಳೆ ಮನುಷ್ಯನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಅಂಕಗಳೊಂದನ್ನೇ ನೆಚ್ಚುವಂತಿಲ್ಲ. ಹೊಲದಲ್ಲಿ ಅವರ ಕೈಕೆಲಸವನ್ನು ಕಣ್ಣಾರೆ ಕಾಣಬೇಕು. ಮಣ್ಣಿನ ಮಾದರಿಗಾಗಿ ಹೊಲದ ಹಲವೆಡೆ ಸುಮಾರು 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಗುಂಡಿಯ ಬದಿಯನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆರೆದು, ಬಂದ ಮಣ್ಣನ್ನೆಲ್ಲ ಬೆರೆಸಬೇಕು. ಬಳಿಕ ಅದನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಬಿಡುತ್ತ ಅರ್ಧ ಕಿಲೋಗ್ರಾಂಗೆ ಇಳಿಸಬೇಕು. ಇದನ್ನು ಬಾಯಲ್ಲಿ ತಪ್ಪಿಲ್ಲದೆ ಹೇಳುವವರೇ ಬದುವಿನ ಪಕ್ಕದಿಂದಲೋ ಗೊಬ್ಬರದ ರಾಶಿ ಇದ್ದ ಜಾಗದಿಂದಲೋ ಒಂದು ಹಿಡಿ ಮಣ್ಣು ತೆಗೆದರೆ, ಪ್ರಯೋಗಾಲಯದ ವರದಿ ಆ ಮೂಲೆಯದಾಗುತ್ತದೆಯೇ ಹೊರತು ಹೊಲದ್ದಾಗುವುದಿಲ್ಲ. ಅದನ್ನು ನಂಬಿ ಬೇಡದ ಗೊಬ್ಬರಕ್ಕೆ ಹಣ ತೆರುವವನು ರೈತ.

ಕೊರತೆಗಳೆಲ್ಲವೂ ತರಬೇತಿಯಿಂದ ನೀಗುವವಲ್ಲ ಎಂಬುದನ್ನೂ ಪರಿಶೀಲಕರು ಗಮನಿಸಬೇಕು. ಬೀಜೋಪಚಾರ ಬಲ್ಲ ಕಾರ್ಯಕರ್ತರಿಗೆ ಮುಂಗಾರಿನ ಮುನ್ನ ಔಷಧ ತಲಪದಿದ್ದರೆ, ಅಲ್ಲಿ ಬೇಕಾದುದು ಮತ್ತೊಂದು ಶಿಬಿರವಲ್ಲ, ಔಷಧ.