ಅಜ್ಜಿ ಕಾಫಿ ತಂದ ಬಿಯರ್ ಟ್ರೇ

ಕಳೆದ ದಸರಾ ರಜೆಯಲ್ಲಿ ನಾವು ಮೂರು ಜನ ರೂಮ್‌ಮೇಟ್ ಒಬ್ಬನ ಮೈಸೂರಿನ ಮನೆಗೆ ಹೋಗಿದ್ವಿ. ಅವನ ಅಜ್ಜಿ ಒಂದು ದುಂಡಗಿನ ತಗಡಿನ ಟ್ರೇನಲ್ಲಿ ಕಾಫಿ ಲೋಟ, ಚಕ್ಕುಲಿ ಎಲ್ಲಾ ಇಟ್ಕೊಂಡು ಬಂದ್ರು. ಲೋಟ ಎತ್ತಿಕೊಂಡ ಮೇಲೆ ಟ್ರೇ ಮಧ್ಯೆ ಒಂದು ಗ್ಲೋಬ್ ಕಾಣಿಸ್ತು. ಗ್ಲೋಬಿಗೆ ಬೆಲ್ಟ್ ಕಟ್ಟಿದ ಹಾಗೆ ಒಂದು ಪಟ್ಟಿ, ಅದರ ಮೇಲೆ ‘ಶ್ಲಿಟ್ಸ್’ ಅನ್ನೋ ಹೆಸರು. ಜೊತೆಗೆ ಇಂಗ್ಲಿಷಿನಲ್ಲಿ, ‘ಮಿಲ್ವಾಕಿಗೆ ಹೆಸರು ತಂದ ಬಿಯರ್’ ಅಂತ ಒಂದು ಸಾಲು. ಅಂಚಿನಲ್ಲಿ ಸಣ್ಣಕ್ಷರದಲ್ಲಿ 1954.

ನಾವು ಮುಖ ಮುಖ ನೋಡ್ಕೊಂಡ್ವಿ. ಅಮೆರಿಕದಲ್ಲಿ ಕೆಲಸದಲ್ಲಿದ್ದ ದೊಡ್ಡಪ್ಪ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು ತಂದಿದ್ದಂತೆ. “ಅಜ್ಜಿ, ಇದು ಬಿಯರ್ ಕಂಪನಿ ಟ್ರೇ” ಅಂತ ಮೊಮ್ಮಗ ಹೇಳಿಯೇ ಬಿಟ್ಟ. ಅಜ್ಜಿ ಒಂದು ಕ್ಷಣ ನೋಡಿ, “ಏನಾದ್ರೂ ಆಗ್ಲಿ ಕಣೋ, ಇಷ್ಟು ವರ್ಷ ತಿಕ್ಕಿದೀನಿ, ಬಣ್ಣ ಹೋಗಿಲ್ಲ. ಈಗಿನವರು ಮಾಡ್ತಾರಾ ಇಂಥದ್ದು?” ಅಂದ್ರು.

ಹಾಸ್ಟೆಲಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ನಮ್ಮನ್ನ ಬಿಡಲಿಲ್ಲ. ಓದ್ತಾ ಹೋದಾಗ ಗೊತ್ತಾಯ್ತು: ಟ್ರೇ ಗಟ್ಟಿಯಾಗಿ ಉಳೀತು, ಆದರೆ ಅದನ್ನ ಹಂಚಿದ ಕಂಪನಿ ಮುಳುಗಿತು. ಎರಡರ ಹಿಂದೆಯೂ ಎಂಜಿನಿಯರಿಂಗ್ ಇದೆ. ಹಾಗಾಗಿ ಈ ಲೇಖನ. ಕುಡಿಯೋಕೆ ಪ್ರಚಾರ ಅಂತ ಮಾತ್ರ ತಿಳ್ಕೋಬೇಡಿ!

ಬಣ್ಣ ಯಾಕೆ ಹೋಗಲಿಲ್ಲ?

ಮೊದಲು ಟ್ರೇ ಕಥೆ. 19ನೇ ಶತಮಾನದಲ್ಲಿ ಬಣ್ಣದ ಚಿತ್ರಗಳನ್ನ ಲಿಥೋಗ್ರಫಿಯಲ್ಲಿ ಅಚ್ಚು ಹಾಕ್ತಿದ್ದರು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆದು, ಕಲ್ಲನ್ನ ಒದ್ದೆ ಮಾಡಿ, ಆಮೇಲೆ ಮುದ್ರಣದ ಶಾಯಿ ಸವರೋದು. ಎಣ್ಣೆ ನೀರು ಬೆರೆಯಲ್ಲವಲ್ಲ, ಶಾಯಿ ಚಿತ್ರ ಇರೋ ಕಡೆ ಮಾತ್ರ ಅಂಟುತ್ತೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು.

ಕಾಗದಕ್ಕೆ ಇದು ಸರಿ. ತಗಡಿಗೆ? ಕಲ್ಲೂ ಗಟ್ಟಿ, ತಗಡೂ ಗಟ್ಟಿ. ಎರಡನ್ನೂ ಒತ್ತಿದರೆ ಎಲ್ಲಾ ಕಡೆ ಸಮನಾಗಿ ತಾಗೋದೇ ಇಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ ಇದಕ್ಕೊಂದು ದಾರಿ ಕಂಡುಹಿಡಿದರು. ಮಧ್ಯೆ ಮೆತ್ತಗಿನ ಹೊದಿಕೆಯ ಒಂದು ಸಿಲಿಂಡರ್. ಚಿತ್ರ ಕಲ್ಲಿಂದ ಸಿಲಿಂಡರಿಗೆ, ಅಲ್ಲಿಂದ ತಗಡಿಗೆ. ಇದೇ ಆಫ್‌ಸೆಟ್. ಇವತ್ತು ನಮ್ಮ ಟೆಕ್ಸ್ಟ್‌ಬುಕ್‌ಗಳು ಅಚ್ಚಾಗೋ ವಿಧಾನ ಶುರುವಾಗಿದ್ದು ತಗಡಿನ ಮೇಲೆ, ಕಾಗದಕ್ಕೆ ಬಂದಿದ್ದು ಸುಮಾರು 30 ವರ್ಷ ಆದಮೇಲೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಸರಾಗಿದ್ದು ಓಹಾಯೋ ರಾಜ್ಯದ ಕೊಶಾಕ್ಟನ್ ಅನ್ನೋ ಚಿಕ್ಕ ಊರು. ಜ್ಯಾಸ್ಪರ್ ಮೀಕ್, ಎಚ್.ಡಿ. ಬೀಚ್ ಅನ್ನೋ ಇಬ್ಬರು ಅಲ್ಲಿ ಜಾಹೀರಾತು ಸಾಮಾನು ತಯಾರಿಸ್ತಿದ್ದರು. ಮೊದಲು ಪೈಪೋಟಿ, 1901ರಲ್ಲಿ ಪಾರ್ಟ್‌ನರ್‌ಶಿಪ್. ಬಿಯರ್ ಕಂಪನಿಗಳು, ತಂಪು ಪಾನೀಯದ ಕಂಪನಿಗಳು ಇಂಥ ಟ್ರೇಗಳನ್ನ ಮಾಡಿಸಿ ಬಾರುಗಳಿಗೆ ಬಿಟ್ಟಿ ಹಂಚ್ತಿದ್ದವು. ಗಿರಾಕಿ ಪ್ರತಿ ಸಲ ಗ್ಲಾಸ್ ಎತ್ತಿದಾಗ ಹೆಸರು ಕಣ್ಣಿಗೆ ಬೀಳುತ್ತೆ, ನಮಗೆ ಬಿದ್ದ ಹಾಗೆ.

ಮೆಕ್ಯಾನಿಕಲ್ ಬ್ರಾಂಚಿನವರು ಇಲ್ಲಿ ಗಮನಿಸಿ. ಟ್ರೇ ಆಕಾರ ಮಾಡಿ ಆಮೇಲೆ ಬಣ್ಣ ಹಾಕಲ್ಲ. ಚಪ್ಪಟೆ ಶೀಟಿನ ಮೇಲೆ ಮೊದಲು ಅಚ್ಚು, ಮೇಲೊಂದು ವಾರ್ನಿಷ್, ಓವನ್‌ನಲ್ಲಿ ಬೇಯಿಸೋದು, ಕೊನೆಗೆ ಡೈನಲ್ಲಿ ಒತ್ತಿ ಅಂಚು ಎಬ್ಬಿಸೋದು. ಅಂದರೆ ಅಂಚು ಬಾಗುವಾಗ ಬಣ್ಣವೂ ಬಿರುಕು ಬಿಡದೆ ಬಾಗಬೇಕು. ಅಷ್ಟು ಗಟ್ಟಿ ಪದರ ಆಗಿದ್ದಕ್ಕೇ ಅಜ್ಜಿಯ ತೆಂಗಿನ ನಾರಿಗೂ ಅದು ಜಗ್ಗಲಿಲ್ಲ.

ಹೆಸರು ತಂದ ಕಂಪನಿ

ಈಗ ಬ್ರೂವರಿ. 1849ರಲ್ಲಿ ಜರ್ಮನಿಯಿಂದ ವಲಸೆ ಬಂದ ಆಗಸ್ಟ್ ಕ್ರುಗ್ ಮಿಲ್ವಾಕಿಯಲ್ಲಿ ಇದನ್ನ ಶುರು ಮಾಡಿದರು. ಲೆಕ್ಕ ಬರೆಯೋಕೆ ಜೋಸೆಫ್ ಶ್ಲಿಟ್ಸ್ ಅನ್ನೋ ಹುಡುಗ ಸೇರಿಕೊಂಡ. 1856ರಲ್ಲಿ ಕ್ರುಗ್ ತೀರಿಕೊಂಡರು. ಆಮೇಲೆ ಶ್ಲಿಟ್ಸ್ ಅವರ ವಿಧವೆಯನ್ನ ಮದುವೆಯಾದ, ಕಂಪನಿಗೂ ಅವನದೇ ಹೆಸರು ಬಂತು. 1871ರಲ್ಲಿ ಶಿಕಾಗೋ ನಗರ ಬೆಂಕಿಗೆ ಸುಟ್ಟು ಅಲ್ಲಿನ ಬ್ರೂವರಿಗಳೂ ಹೋದಾಗ ಮಿಲ್ವಾಕಿಯ ಬಿಯರಿಗೆ ದೊಡ್ಡ ಮಾರುಕಟ್ಟೆ ಸಿಕ್ತು. 1875ರಲ್ಲಿ ಶ್ಲಿಟ್ಸ್ ಪ್ರಯಾಣ ಮಾಡ್ತಿದ್ದ ‘ಶಿಲ್ಲರ್’ ಹಡಗು ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಹತ್ತಿರ ಮುಳುಗಿತು. 300ಕ್ಕೂ ಹೆಚ್ಚು ಜನರ ಜೊತೆ ಅವನೂ ಹೋದ. ಕಂಪನಿ ಕ್ರುಗ್ ಸಂಬಂಧಿಗಳಾದ ಯೂಲೈನ್ ಮನೆತನದ ಕೈಗೆ ಬಂತು, ಹೆಸರು ಮಾತ್ರ ಶ್ಲಿಟ್ಸ್ ಅಂತಲೇ ಉಳೀತು.

ಯೂಲೈನ್ ಅಣ್ಣತಮ್ಮಂದಿರ ಕಾಲದಲ್ಲಿ, 1902ರ ಹೊತ್ತಿಗೆ, ಅದು ಅಮೆರಿಕದ ಅತಿ ದೊಡ್ಡ ಬ್ರೂವರಿ. ಆಮೇಲೆ 1910ರ ದಶಕದ ಆರಂಭದಲ್ಲಿ ಕಂದು ಬಣ್ಣದ ಬಾಟಲಿ ತಂದರು. ಇದು ಶೋಕಿಗಲ್ಲ. ಬಿಯರಿಗೆ ಕಹಿ ಕೊಡೋದು ಹಾಪ್ಸ್ ಅನ್ನೋ ಬಳ್ಳಿಯ ಹೂವು. ಬೆಳಕು ಬಿದ್ದರೆ ಅದರಲ್ಲಿನ ಅಂಶಗಳು ಒಡೆದು, ಗಂಧಕ ಸೇರಿದ ಒಂದು ಕೆಟ್ಟ ವಾಸನೆಯ ಸಂಯುಕ್ತ ಹುಟ್ಟುತ್ತೆ. ಕಂದು ಗಾಜು ಆ ನೀಲಿ, ನೇರಳಾತೀತ ಬೆಳಕನ್ನ ತಡೆಯುತ್ತೆ. ಗುಣಮಟ್ಟಕ್ಕೋಸ್ಕರ ಇಷ್ಟು ತಲೆ ಕೆಡಿಸಿಕೊಳ್ತಿದ್ದ ಕಂಪನಿ ಇದು!

1920ರಿಂದ 1933ರವರೆಗೆ ದೇಶಾದ್ಯಂತ ಪಾನನಿಷೇಧ. ಎಷ್ಟೋ ಬ್ರೂವರಿಗಳು ಮುಚ್ಚಿದವು. ಇವರು ಮಾಲ್ಟ್ ಸಿರಪ್, ಚಾಕೊಲೇಟ್ ಮಾಡಿ ಉಸಿರು ಹಿಡಿದುಕೊಂಡರು. ನಮ್ಮ ಟ್ರೇ ಹುಟ್ಟಿದ 1950ರ ದಶಕದಲ್ಲಿ ಮತ್ತೆ ದೇಶಕ್ಕೇ ಮೊದಲ ಸ್ಥಾನ. 1957ರಲ್ಲಿ ಆನ್‌ಹೈಸರ್-ಬುಶ್ ಕಂಪನಿ ಮುಂದೆ ಹೋಯ್ತು, ಶ್ಲಿಟ್ಸ್ ಎರಡನೇ ಸ್ಥಾನಕ್ಕೆ ಬಂತು.

ಸ್ವಲ್ಪ ಅಡ್ಜಸ್ಟ್ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?

ಎರಡನೇ ಸ್ಥಾನ ಅಂದ್ರೆ ಏನೂ ಕಮ್ಮಿ ಅಲ್ಲ. ಆದರೆ ಮುಂದೆ ಲಾಭ ಹೆಚ್ಚಿಸೋಕೆ ಅಂತ ಕಂಪನಿ ಖರ್ಚು ಇಳಿಸೋಕೆ ಹೊರಟಿತು. ಬಾರ್ಲಿ ಮಾಲ್ಟ್ ಕಮ್ಮಿ ಮಾಡಿ ಅಗ್ಗದ ಜೋಳದ ಸಿರಪ್ ಸೇರಿಸಿದರು. ಹುದುಗೋ ಉಷ್ಣಾಂಶ ಏರಿಸಿ ಸಮಯ ಇಳಿಸಿದರು. ಅದೇ ಟ್ಯಾಂಕಿನಲ್ಲಿ ವರ್ಷಕ್ಕೆ ಜಾಸ್ತಿ ಬ್ಯಾಚ್! ಲೆಕ್ಕದ ಹಾಳೆಯಲ್ಲಿ ಇದು ಚೆಂದ. ಒಂದೊಂದು ಬದಲಾವಣೆಯೂ ಚಿಕ್ಕದು, ಹಿಂದಿನ ವಾರದ ಬಿಯರಿಗೂ ಈ ವಾರದ್ದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಹತ್ತು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಬಿಯರೇ ಬೇರೆ.

ಹುಳಿಗೆ ಬೇಳೆ ದಿನಾ ಒಂದೊಂದು ಚಮಚ ಕಮ್ಮಿ ಹಾಕೋ ಮೆಸ್ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂತು ನಿಜವಾದ ಪೆಟ್ಟು. ಬಿಯರ್ ತಣ್ಣಗಾದಾಗ ಅದರಲ್ಲಿನ ಪ್ರೋಟೀನ್ ಮತ್ತು ಪಾಲಿಫಿನಾಲ್‌ಗಳು ಸೇರಿ ಮಬ್ಬಾಗುತ್ತೆ. ಅದನ್ನ ತಡೆಯೋಕೆ ಸಿಲಿಕಾ ಜೆಲ್ ಬಳಸ್ತಿದ್ದರು. ಲೇಬಲ್ ಮೇಲೆ ಏನೇನು ಹಾಕಿದೀವಿ ಅಂತ ಬರೀಬೇಕಾಗಬಹುದು ಅನ್ನೋ ಭಯದಲ್ಲಿ 1976ರಲ್ಲಿ ಅದರ ಬದಲು ಇನ್ನೊಂದು ಪದಾರ್ಥ ಹಾಕಿದರು. ನೊರೆ ನಿಲ್ಲೋಕೆ ಅಂತ ಮೊದಲೇ ಸೇರಿಸ್ತಿದ್ದ ಮತ್ತೊಂದು ಪದಾರ್ಥದ ಜೊತೆ ಅದು ವರ್ತಿಸಿ ಬಾಟಲಿಯೊಳಗೆ ಬಿಳಿ ಚೂರುಗಳು ತೇಲೋಕೆ ಶುರುವಾದವು. ಎರಡು ಭಾಗ ಬೇರೆ ಬೇರೆಯಾಗಿ ಸರಿ, ಸೇರಿಸಿದಾಗ ಫೇಲ್. ಕೋಡ್ ಬರೆಯೋರಿಗೆ ಈ ನೋವು ಗೊತ್ತು.

ಕಡೆಗೆ ಸದ್ದಿಲ್ಲದೆ ಸುಮಾರು 1 ಕೋಟಿ ಬಾಟಲಿ, ಕ್ಯಾನುಗಳನ್ನ ವಾಪಸ್ ತರಿಸಿಕೊಂಡರು. ಬಿಯರ್ ಬಂತು, ಹೋದ ನಂಬಿಕೆ ಬರಲಿಲ್ಲ. 1981ರಲ್ಲಿ ಕಾರ್ಮಿಕರ ಮುಷ್ಕರ, ಅದೇ ವರ್ಷ ಮಿಲ್ವಾಕಿಯ ಮೂಲ ಬ್ರೂವರಿ ಬಂದ್. ಊರಿಗೆ ಹೆಸರು ತಂದ ಬಿಯರ್ ಆ ಊರಲ್ಲೇ ತಯಾರಾಗಲ್ಲ ಅನ್ನೋ ಪರಿಸ್ಥಿತಿ. 1982ರಲ್ಲಿ ಇಡೀ ಕಂಪನಿ ಸ್ಟ್ರೋ ಅನ್ನೋ ಬ್ರೂವರಿ ಪಾಲಾಯ್ತು. ಆ ಜಾಗದಲ್ಲಿ ಈಗ ಆಫೀಸುಗಳಿವೆ.

ಕಥೆಯಲ್ಲಿ ನಮ್ಮನ್ನ ಜಾಸ್ತಿ ಕಾಡಿದ್ದು ಕೊನೇ ಭಾಗ. ಬ್ರಾಂಡ್ 1999ರಲ್ಲಿ ಪ್ಯಾಬ್ಸ್ಟ್ ಕಂಪನಿಗೆ ಬಂತು. 2008ರ ಹೊತ್ತಿಗೆ ಅವರು 1960ರ ದಶಕದ ರುಚಿಯನ್ನೇ ಮತ್ತೆ ತರಬೇಕು ಅಂತ ಹೊರಟರು. ನೋಡಿದರೆ ಹಳೇ ರೆಸಿಪಿಯೇ ಇಲ್ಲ, ಕಳೆದುಹೋಗಿದೆ! ಹಿಂದೆ ಅಲ್ಲಿ ಕೆಲಸ ಮಾಡಿದ್ದ ಹಿರಿಯರನ್ನ ಮಾತಾಡಿಸಿ, ಅವರ ನೆನಪಿಂದ ಅದನ್ನ ಮತ್ತೆ ಕಟ್ಟಬೇಕಾಯ್ತು.

ಕಳೆದ ಸೆಮ್‌ನಲ್ಲಿ ಲ್ಯಾಬಿನ ಒಂದು ರೀಡಿಂಗ್ ಗ್ರಾಫಿಗೆ ಕೂರಲಿಲ್ಲ ಅಂತ ನಾವೂ ‘ಸ್ವಲ್ಪ ಅಡ್ಜಸ್ಟ್’ ಮಾಡಿದ್ವಿ. ಯಾರಿಗೂ ಗೊತ್ತಾಗಲಿಲ್ಲ, ಮಾರ್ಕ್ಸೂ ಬಂತು. ಅದಕ್ಕೂ ಹಿಂದಿನ ನಿಜವಾದ ರೀಡಿಂಗ್ ಎಷ್ಟಿತ್ತು ಅಂತ ಈಗ ಕೇಳಿದರೆ ನಮ್ಮ ಹತ್ತಿರವೂ ಇಲ್ಲ.

ಸಂಗ್ರಾಹಕರ ಲೆಕ್ಕದಲ್ಲಿ 1920ಕ್ಕಿಂತ ಹಿಂದಿನ ಟ್ರೇಗಳಿಗೆ ಬೆಲೆ ಜಾಸ್ತಿ, 1950ರ ದಶಕದವು ಬೇಕಾದಷ್ಟು ಸಿಗುತ್ವೆ. ಗೀರು ಬಿದ್ದರಂತೂ ಬೆಲೆ ಇನ್ನೂ ಇಳಿಯುತ್ತೆ. ಹಾಗಾಗಿ ಅದನ್ನ ಮಾರಿ ನಮ್ಮ ರೂಮ್‌ಮೇಟ್ ಬೈಕ್ ತಗೊಳ್ಳೋ ಕನಸು ಅಲ್ಲಿಗೇ ಮುಗೀತು. ಇನ್ನು ಮೇಲಾದ್ರೂ ನಾರಲ್ಲಿ ತಿಕ್ಕಬೇಡಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಸಾಕು ಅಂತ ಫೋನ್ ಮಾಡಿ ಅಜ್ಜಿಗೆ ಹೇಳಿದ್ವಿ.

“ಮುಂದಿನ ಸಲ ನೀವೇ ಬಂದು ತೊಳೀರಿ” ಅಂದ್ರು.