ಮರದ ನೆಲದ ದುರಸ್ತಿ: ಮೊದಲು ಒಣಗಲಿ, ಬಳಿಕ ಉಜ್ಜಿರಿ

ನೀಲಗಿರಿಯ ಹಳೆಯ ಕಟ್ಟಡಗಳಲ್ಲಿ, ಮಣ್ಣಿಗೆ ತಾಗದಂತೆ ತೊಲೆಗಳ ಮೇಲೆ ಹಲಗೆ ಜೋಡಿಸಿದ ಮರದ ನೆಲಗಳನ್ನು ಇಂದಿಗೂ ಕಾಣಬಹುದು. ಅವು ಹದಗೆಟ್ಟಾಗ ಕೂಡಲೇ ಉಜ್ಜಿ ವಾರ್ನಿಷ್ ಬಳಿಯಬೇಕೆನಿಸುವುದು ಸಹಜ. ಆದರೆ ಕಾರಣವನ್ನರಿಯದೆ ಕೈಗೊಂಡ ದುರಸ್ತಿಯು ನೆಲವನ್ನು ಇನ್ನಷ್ಟು ಕೆಡಿಸುತ್ತದೆ.

ತೇವವನ್ನು ಹೀರಿದ ಮರವು ಉದ್ದಕ್ಕಿಂತ ಅಗಲದಲ್ಲಿ ಬಹಳ ಹೆಚ್ಚು ಹಿಗ್ಗುತ್ತದೆ. ನೆಲದಡಿಯ ಗಾಳಿಕಿಂಡಿಗಳು ಮಣ್ಣಿನಿಂದ ಮುಚ್ಚಿಹೋದರೆ ಹಲಗೆಯ ಅಡಿಭಾಗವು ಮೇಲ್ಭಾಗಕ್ಕಿಂತ ಹೆಚ್ಚು ತೇವಗೊಂಡು ಹಿಗ್ಗುತ್ತದೆ; ಅಂಚುಗಳು ಮೇಲೆದ್ದು ನಡುಭಾಗ ತಗ್ಗಾಗುತ್ತದೆ. ಆಗಲೇ ಅಂಚುಗಳನ್ನು ಉಜ್ಜಿ ಸಮಗೊಳಿಸಿದರೆ, ಹಲಗೆ ಒಣಗಿ ಮೊದಲಿನ ಆಕಾರಕ್ಕೆ ಮರಳಿದಾಗ ಸವೆದ ಅಂಚುಗಳು ಕೆಳಗಿಳಿದು ನಡುಭಾಗ ಉಬ್ಬಿ ನಿಲ್ಲುತ್ತದೆ. ಉಜ್ಜಿ ಕಳೆದ ಮರ ಮತ್ತೆ ಬಾರದು.

ಆದುದರಿಂದ ಮೊದಲು ಸೋರಿಕೆಯನ್ನು ತಡೆದು, ಕಿಂಡಿಗಳನ್ನು ತೆರೆದು, ಹಲಗೆಗಳು ಒಣಗುವವರೆಗೆ ಕಾಯಬೇಕು. ಮುಂಗಾರು ಹಿಂಗಾರುಗಳೆರಡೂ ಕಳೆದ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಇದಕ್ಕೆ ತಕ್ಕುದು. ಎಷ್ಟೋ ವೇಳೆ ಒಣಗಿದ ಹಲಗೆ ತಾನಾಗಿಯೇ ಬಹುಮಟ್ಟಿಗೆ ಸಮವಾಗುತ್ತದೆ.

ಬಳಿಕ ದಬ್ಬಳದಿಂದ ಚುಚ್ಚಿ ನೋಡಿ, ಮೆತ್ತಗಾದ ಭಾಗವನ್ನು ತೆಗೆದು, ಅದೇ ಜಾತಿಯ ಚೆನ್ನಾಗಿ ಒಣಗಿದ ಹಲಗೆಯನ್ನು ಕೂಡಿಸಬೇಕು. ಬೆಸುಗೆಯು ತೊಲೆಯ ಮೇಲೆಯೇ ಬರಬೇಕು. ಮೊಳೆಗಳ ತಲೆಯನ್ನು ಮಟ್ಟಕ್ಕಿಂತ ಕೆಳಗಿಳಿಸಿ, ಮರದ ಎಳೆಯ ಗುಂಟ 40, 60, 80, 120 ಸಂಖ್ಯೆಯ ಮರಳುಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ನಡುವಣ ಮೆಟ್ಟಿಲನ್ನು ಬಿಟ್ಟರೆ ಒರಟು ಗೀರುಗಳು ಉಳಿದು, ವಾರ್ನಿಷ್ ಬಿದ್ದೊಡನೆ ಎದ್ದು ಕಾಣುತ್ತವೆ. ಕೊನೆಗೆ ದೂಳನ್ನು ಪೂರ್ಣವಾಗಿ ಒರಸಿ, ತೆಳುವಾದ ಲೇಪಗಳನ್ನು ಒಂದು ಒಣಗಿದ ಮೇಲೆ ಇನ್ನೊಂದರಂತೆ ಕೊಡಬೇಕು.

ಎರಡು ಎಚ್ಚರಿಕೆಗಳು ಅಗತ್ಯ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅದರ ದೂಳು ಮಕ್ಕಳಿಗೆ ವಿಷ. ಆದ್ದರಿಂದ ಬಣ್ಣ ಬಳಿದ ನೆಲವನ್ನು ಪರೀಕ್ಷಿಸದೆ ಉಜ್ಜಕೂಡದು. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಯಾಗಿ ಎಸೆದರೆ ತಾವೇ ಕಾದು ಹೊತ್ತಿಕೊಳ್ಳಬಲ್ಲವು. ಅವುಗಳನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಹಲಗೆಯ ಅಗಲವಾದ ತುಂಡೊಂದರ ಉದ್ದ, ಅಗಲ, ತೂಕಗಳನ್ನು ಮಕ್ಕಳು ಬರೆದಿಡಲಿ. ಅದನ್ನು ಒಂದೆರಡು ದಿನ ನೀರಿನಲ್ಲಿ ನೆನೆಸಿ ಮತ್ತೆ ಅಳೆಯಲಿ. ನೆರಳಿನಲ್ಲಿಟ್ಟು ದಿನವೂ ತೂಗಲಿ. ತೂಕ ಇಳಿಯುವುದು ನಿಂತ ದಿನ, ಬಡಗಿಯು ಏಕೆ ಕಾಯುತ್ತಾನೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.